ಫೈರ್ ಸ್ಟೇಷನ್ನೇ ಮ್ಯೂಸಿಯಂ: ಕಲಬುರಗಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವುದು ಹೇಗೆ

ರಜೆ ಬಂತು ಅಂದ್ರೆ ಕಲಬುರಗಿಯಲ್ಲಿ ಮಕ್ಕಳಿಗೆ ತೋರಿಸುವ ಜಾಗಗಳ ಪಟ್ಟಿ ಬೇಗ ಮುಗಿಯುತ್ತದೆ. ಕೋಟೆ, ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ, ಬುದ್ಧ ವಿಹಾರ, ವಿಜ್ಞಾನ ಕೇಂದ್ರ. ಆಮೇಲೆ ಮತ್ತೆ ಮೊಬೈಲು. ಆ ಪಟ್ಟಿಗೆ ಅಗ್ನಿಶಾಮಕ ಠಾಣೆಯನ್ನೂ ಸೇರಿಸಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ದೊಡ್ಡ ಊರುಗಳಲ್ಲಿ ಸಣ್ಣ ಸಣ್ಣ ಫೈರ್ ಮ್ಯೂಸಿಯಂಗಳಿರುತ್ತವೆ. ಕೈಯಿಂದ ಒತ್ತುವ ಹಳೆ ಪಂಪು, ಹಿತ್ತಾಳೆ ಹೆಲ್ಮೆಟ್ಟು, ತೊಗಲಿನ ಬಕೆಟ್ಟು, ದೊಡ್ಡ ಗಂಟೆ. ಅಲ್ಲಿ ಎಲ್ಲದರ ಮುಂದೆಯೂ ‘ಮುಟ್ಟಬೇಡಿ’ ಎಂಬ ಬೋರ್ಡು. ನಮ್ಮ ಕಡೆ ಅಂಥ ಮ್ಯೂಸಿಯಂ ಹುಡುಕುತ್ತಾ ಕೂರುವುದು ಬೇಡ. ಠಾಣೆಗೇ ಹೋಗಿ. ಅಲ್ಲಿರುವ ಸಾಮಾನೆಲ್ಲ ದಿನಾ ಕೆಲಸ ಮಾಡುವಂಥದ್ದು. ಅದನ್ನು ಹಿಡಿದು ಬೆಂಕಿಗೆ ಎದುರು ನಿಂತವರೇ ಮುಂದೆ ನಿಂತು ವಿವರಿಸುತ್ತಾರೆ. ಇದಕ್ಕಿಂತ ಒಳ್ಳೆಯ ಗೈಡ್ ಯಾವ ಮ್ಯೂಸಿಯಂನಲ್ಲಿ ಸಿಗುತ್ತಾರೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೈರನ್ ಕೇಳಿ, ಹೆಲ್ಮೆಟ್ ಹಾಕಿಕೊಂಡು, ಕೆಂಪು ಗಾಡಿ ಮುಂದೆ ಫೋಟೊ ಹೊಡೆಸಿಕೊಂಡು ಬರುವುದಕ್ಕೆ ಹತ್ತು ನಿಮಿಷ ಸಾಕು. ಅದೂ ಖುಷಿಯೇ, ಬೇಡ ಅನ್ನಲ್ಲ. ಆದರೆ ಸ್ವಲ್ಪ ತಯಾರಿ ಮಾಡಿಕೊಂಡು ಹೋದರೆ ಒಂದೂವರೆ ಗಂಟೆಯೂ ಸಾಲುವುದಿಲ್ಲ.

ಯಾವಾಗ ಹೋಗಬೇಕು

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ವಾರ ಅಣಕು ಪ್ರದರ್ಶನ, ಜಾಗೃತಿ ಕಾರ್ಯಕ್ರಮ ಇರುತ್ತವೆ. ಠಾಣೆಯವರೂ ಜನರಿಗೆ ತೋರಿಸುವ ಹುರುಪಿನಲ್ಲಿರುತ್ತಾರೆ. ಶಾಲೆಗೂ ರಜೆ. ಹಾಗಾಗಿ ಸುಲಭದ ದಾರಿ ಇದೇ.

ಆದರೆ ಏಪ್ರಿಲ್ ಅಂದ್ರೆ ನಮ್ಮ ಕಡೆ ಬಿಸಿಲು ಎಂಥದ್ದು ಅಂತ ಹೇಳಬೇಕಾಗಿಲ್ಲ. 40 ಡಿಗ್ರಿ ದಾಟಿದ ಮೇಲೆ ಠಾಣೆಯ ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸುವುದು ಸರಿಯಲ್ಲ. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆಯೊಳಗೆ ಮುಗಿಸಿ. ಇನ್ನೊಂದು ವಿಷಯ: ಬೇಸಿಗೆಯಲ್ಲೇ ಠಾಣೆಗೆ ಕರೆಗಳೂ ಜಾಸ್ತಿ. ಒಣಹುಲ್ಲು, ಬಣವಿ, ಕಸದ ರಾಶಿ, ಕಬ್ಬಿನ ಹೊಲ, ಯಾವುದಕ್ಕೆ ಬೇಕಾದರೂ ಕಿಡಿ ತಾಗಬಹುದು. ನನ್ನನ್ನು ಕೇಳಿದರೆ ಮಳೆಗಾಲ ಮುಗಿಯುವ ಹೊತ್ತಿನ ಒಂದು ಶನಿವಾರ ಬೆಳಗ್ಗೆ ಹೆಚ್ಚು ಒಳ್ಳೆಯದು. ಬಿಸಿಲಿನ ಕಾಟ ಇರಲ್ಲ, ಸಿಬ್ಬಂದಿಗೂ ನಿಂತು ಮಾತಾಡಲು ಪುರುಸೊತ್ತು ಇರುತ್ತದೆ. ದೀಪಾವಳಿಯ ಆಸುಪಾಸು ಮಾತ್ರ ಬೇಡ.

ಕೇಳಿಯೇ ಹೋಗಿ

ಠಾಣೆ ಪಾರ್ಕ್ ಅಲ್ಲ. ಮೊದಲು ಅನುಮತಿ ಬೇಕು. ಮನೆಯ ಇಬ್ಬರು ಮೂವರು ಮಕ್ಕಳಾದರೆ ಒಂದು ದಿನ ಮುಂಚೆ ನೀವೊಬ್ಬರೇ ಹೋಗಿ ಠಾಣಾಧಿಕಾರಿಯನ್ನು ಕಂಡು ಮಾತಾಡಿ. ‘ಸರ್, ಮಕ್ಕಳಿಗೆ ಗಾಡಿ ತೋರಸಬೇಕಂತ ಮಾಡೀವ್ರಿ, ಯಾವಾಗ ಬರಲಿ?’ ಅಂತ ಕೇಳಿದರೆ ಸಾಕು. ಶಾಲೆಯ ಗುಂಪಾದರೆ ಮುಖ್ಯ ಗುರುಗಳ ಸಹಿ, ಮೊಹರು ಇರುವ ಪತ್ರ ಕೊಡಿ. ಪತ್ರದಲ್ಲಿ ಮಕ್ಕಳ ಸಂಖ್ಯೆ, ಯಾವ ತರಗತಿ, ಜೊತೆಗೆ ಬರುವ ಶಿಕ್ಷಕರು ಎಷ್ಟು ಜನ, ಯಾವ ದಿನ, ಎಷ್ಟು ಗಂಟೆಗೆ ಎಂಬುದು ಇರಲಿ. ಪ್ರದರ್ಶನ ಬೇಕೋ, ಸುಮ್ನೆ ನೋಡಿಕೊಂಡು ಬರುತ್ತೀರೋ ಅದನ್ನೂ ಬರೆಯಿರಿ. ಒಂದು ಗುಂಪಿನಲ್ಲಿ ಇಪ್ಪತ್ತೈದು ಮಕ್ಕಳಿಗಿಂತ ಹೆಚ್ಚು ಬೇಡ. ಹಿಂದೆ ನಿಂತವರಿಗೆ ಗಾಡಿಯ ಚಕ್ರ ಬಿಟ್ಟರೆ ಏನೂ ಕಾಣುವುದಿಲ್ಲ.

ಭೇಟಿಯ ವಿಷಯ ಕೇಳಲು 101ಕ್ಕೋ 112ಕ್ಕೋ ಫೋನ್ ಮಾಡಬೇಡಿ. ಅವು ಅವಘಡಕ್ಕೆ ಇರುವ ನಂಬರುಗಳು. ಇದನ್ನು ಮಕ್ಕಳ ಎದುರಿಗೇ ಹೇಳಿ. ‘ಸುಮ್ನೆ ಹಚ್ಚಿ ನೋಡೋಣ’ ಅನ್ನುವ ವಯಸ್ಸು ಅವರದು.

ಹೊರಡುವಾಗ ಕಾಲಿಗೆ ಶೂ ಇರಲಿ, ಚಪ್ಪಲಿ ಬೇಡ. ಅಂಗಳ ಒದ್ದೆಯಾಗಿರುತ್ತದೆ, ಪೈಪುಗಳು ಹಾಸಿರುತ್ತವೆ. ಹತ್ತಿ ಬಟ್ಟೆ, ಟೋಪಿ, ನೀರಿನ ಬಾಟಲಿ, ಒಂದು ನೋಟ್‌ಬುಕ್ಕು. ಚುರುಮುರಿ, ಮಜ್ಜಿಗೆ ಏನಿದ್ದರೂ ಠಾಣೆಯಿಂದ ಹೊರಗೆ ಬಂದ ಮೇಲೆ. ನಿಮ್ಮ ಗಾಡಿಯನ್ನು ಮಾತ್ರ ಠಾಣೆಯ ಗೇಟಿನ ಮುಂದೆ ನಿಲ್ಲಿಸಲೇಬೇಡಿ, ಐದು ನಿಮಿಷಕ್ಕೂ ಬೇಡ.

ಹಿಂದಿನ ದಿನ ರಾತ್ರಿ: ಒಂದು ಹಡಗಿನ ಕತೆ

ಏಪ್ರಿಲ್ 14ನ್ನೇ ಯಾಕೆ ಆರಿಸಿಕೊಂಡರು ಅನ್ನುವುದರ ಹಿಂದೆ ಒಂದು ಕತೆ ಇದೆ. ಊಟ ಆದ ಮೇಲೆ ಮಕ್ಕಳಿಗೆ ಹೇಳಿ.

1944ರ ಏಪ್ರಿಲ್ 14. ಎರಡನೇ ಮಹಾಯುದ್ಧದ ಕಾಲ. ಮುಂಬೈ ಬಂದರಿನ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಅದರೊಳಗೆ ಹತ್ತಿಯ ಬೇಲುಗಳು, ಸುಮಾರು 1,400 ಟನ್ ಸ್ಫೋಟಕ, ಜೊತೆಗೆ ಚಿನ್ನದ ಗಟ್ಟಿಗಳು. ಎಲ್ಲಾ ಒಂದೇ ಹಡಗಿನಲ್ಲಿ! ಮಧ್ಯಾಹ್ನ ಹೊಗೆ ಕಂಡಿತು. ಅಗ್ನಿಶಾಮಕರು ಬಂದು ನೀರು ಹೊಡೆದರು. ಬೆಂಕಿ ಎಲ್ಲಿದೆ ಅಂತಲೇ ಸಿಗಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋಗಿದ್ದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ಈ ದಿನ.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳಿ: ನೀರು ಹೊಡೆದರೂ ಹತ್ತಿ ಯಾಕೆ ಆರಲಿಲ್ಲ? ಜೇವರ್ಗಿ, ಶಹಾಪುರದ ಕಡೆಯ ಮಕ್ಕಳಿಗೆ ಉತ್ತರ ಹೊಳೆಯುತ್ತದೆ. ಹತ್ತಿಯನ್ನು ಒತ್ತಿ ಕಟ್ಟಿದ ಬೇಲಿನ ಒಳಗೆ ಕಿಡಿ ಹೊಕ್ಕರೆ ಮೇಲೆ ಸುರಿದ ನೀರು ಅಲ್ಲಿಗೆ ಇಳಿಯುವುದೇ ಇಲ್ಲ. ಕಿಡಿ ಒಳಗೊಳಗೇ ಹೊಗೆಯಾಡುತ್ತಾ ಇರುತ್ತದೆ. ಹತ್ತಿ ಅರಳೆಯ ಗೋದಾಮಿಗೆ ಬೆಂಕಿ ಬಿದ್ದರೆ ಇವತ್ತಿಗೂ ಅದೇ ಕಷ್ಟ. ಬೇಲುಗಳನ್ನು ಒಂದೊಂದಾಗಿ ಹೊರಗೆ ಎಳೆದು ಬಿಚ್ಚಿ ಆರಿಸಬೇಕಾಗುತ್ತದೆ.

ಕತೆಯ ಜೊತೆಗೆ ಒಂದು ಸಣ್ಣ ಪ್ರಯೋಗ ಮಾಡಿ. ಮೇಣದ ಬತ್ತಿ ಹಚ್ಚಿ, ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿ. ಸ್ವಲ್ಪ ಹೊತ್ತಿಗೆ ಆರುತ್ತದೆ. ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಶಾಖ, ಆಮ್ಲಜನಕ. ಒಂದನ್ನು ಕಿತ್ತುಕೊಂಡರೆ ಆಟ ಮುಗಿಯಿತು. ನಾಳೆ ಠಾಣೆಯಲ್ಲಿ ನೋಡುವ, ಬೆಂಕಿ ಆರಿಸುವ ಬಹುತೇಕ ಸಾಮಾನು ಈ ಮೂರರಲ್ಲಿ ಯಾವುದೋ ಒಂದನ್ನು ಕಿತ್ತುಕೊಳ್ಳಲು ಇರುವಂಥದ್ದು. ‘ಇದು ಯಾವುದನ್ನು ಕಿತ್ತುಕೊಳ್ಳುತ್ತದೆ?’ ಎಂಬ ಒಂದೇ ಪ್ರಶ್ನೆ ಮಕ್ಕಳ ಕೈಯಲ್ಲಿದ್ದರೆ ಇಡೀ ಭೇಟಿಗೆ ಸಾಕು.

ಹತ್ತು ದಾಟಿದ ಮಕ್ಕಳಿಗೆ ಇನ್ನೂ ಸ್ವಲ್ಪ ಹಳೆಯದನ್ನು ಹೇಳಬಹುದು. ನೀರನ್ನು ಒತ್ತಿ ಚಿಮ್ಮಿಸುವ ಪಂಪನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯಾದ ಟೆಸಿಬಿಯಸ್ ಎಂಬಾತ ಮಾಡಿದ್ದ. ಉದ್ದನೆಯ ಹೋಸ್ ಪೈಪ್ ಬಂದದ್ದು ಮಾತ್ರ ತೀರ ಈಚೆಗೆ, 1670ರ ದಶಕದಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ಯಾನ್ ವಾನ್ ಡರ್ ಹೇಡನ್ ತೊಗಲನ್ನು ಹೊಲಿದು ಮಾಡಿದ. ಅವನು ಚಿತ್ರಕಾರನೂ ಹೌದು. ಅಲ್ಲಿಯವರೆಗೆ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾ ಬೆಂಕಿಯ ಹತ್ತಿರಕ್ಕೇ ಹೋಗಬೇಕಿತ್ತು.

ದಾರಿಯಲ್ಲೇ ಶುರು: ಕೆಂಪು ಬಕೆಟ್ ಹುಡುಕಿ

ಈ ಆಟ ನನಗೆ ಭಾಳ ಇಷ್ಟ. ಠಾಣೆಗೆ ಹೋಗುವ ದಾರಿಯಲ್ಲಿ ಬೆಂಕಿ ಆರಿಸುವ ಸಾಮಾನು ಎಷ್ಟು ಕಾಣುತ್ತದೆ ಅಂತ ಮಕ್ಕಳು ಎಣಿಸಲಿ. ಪೆಟ್ರೋಲ್ ಪಂಪ್, ರೈಲ್ವೆ ಸ್ಟೇಷನ್, ಬ್ಯಾಂಕು, ಸಿನಿಮಾ ಟಾಕೀಸು, ಆಸ್ಪತ್ರೆ ಎಲ್ಲಾ ಕಡೆ ಇರುತ್ತವೆ. ದಿನಾ ಕಣ್ಣಿಗೆ ಬಿದ್ದರೂ ಯಾರೂ ನೋಡಿರುವುದಿಲ್ಲ.

ಸ್ಟ್ಯಾಂಡಿಗೆ ತೂಗು ಹಾಕಿದ ಕೆಂಪು ಬಕೆಟ್ ಸಿಕ್ಕರೆ ಅದರ ತಳ ನೋಡಲು ಹೇಳಿ. ತಳ ಗುಂಡಗಿರುತ್ತದೆ! ನೆಲದ ಮೇಲೆ ಇಟ್ಟರೆ ಉರುಳಿ ಬೀಳುತ್ತದೆ. ಯಾಕೆ ಹಾಗೆ? ಮಕ್ಕಳು ಏನೇನೋ ಹೇಳುತ್ತಾರೆ, ಹೇಳಲಿ. ಒಂದು ಕಾರಣ ಕೇಳಿದರೆ ನಗು ಬರುತ್ತದೆ. ಮಟ್ಟಸ ತಳ ಇದ್ದರೆ ಯಾರಾದರೂ ನೆಲ ಒರೆಸಲೋ ಗಿಡಕ್ಕೆ ನೀರು ಹಾಕಲೋ ಒಯ್ದುಬಿಡುತ್ತಾರೆ. ಬೆಂಕಿ ಬಿದ್ದ ದಿನ ಬಕೆಟ್ ಜಾಗದಲ್ಲಿ ಇರುವುದಿಲ್ಲ. ಬೇರೆ ಯಾವ ಕೆಲಸಕ್ಕೂ ಬಾರದಂತೆ ಮಾಡಿದ್ದರಿಂದಲೇ ಅದು ಅಲ್ಲೇ ಉಳಿದಿದೆ. ನಮ್ಮ ಜನರನ್ನು ಚೆನ್ನಾಗಿ ಬಲ್ಲ ಯಾರೋ ಮಾಡಿದ್ದು ಅನ್ನಿಸುತ್ತದೆ, ಅಲ್ವಾ?

ಪೆಟ್ರೋಲ್ ಪಂಪ್‌ನ ಬಕೆಟ್‌ನಲ್ಲಿ ನೀರಿಲ್ಲ, ಮರಳಿದೆ. ಅದೂ ಒಂದು ಪ್ರಶ್ನೆ. ಪೆಟ್ರೋಲ್ ನೀರಿಗಿಂತ ಹಗುರ. ನೀರು ಸುರಿದರೆ ಉರಿಯುವ ಪೆಟ್ರೋಲು ನೀರಿನ ಮೇಲೆ ತೇಲಿಕೊಂಡು ಇನ್ನೂ ದೂರ ಹರಡುತ್ತದೆ. ಮರಳು ಹಾಕಿದರೆ ಗಾಳಿ ಸಿಗುವುದಿಲ್ಲ. ನಿನ್ನೆಯ ಲೋಟ ಮಾಡಿದ ಕೆಲಸವನ್ನೇ ಮರಳು ಮಾಡುತ್ತದೆ. ಇದನ್ನು ಪೆಟ್ರೋಲ್ ಹಾಕಿಸುವಾಗ ನೋಡಿಕೊಂಡು ಮುಂದೆ ಹೋಗಿ, ಅಲ್ಲೇ ನಿಂತು ಪಾಠ ಮಾಡಬೇಡಿ.

ಬ್ಯಾಂಕಿನಲ್ಲಿ ಕೆಂಪು ಸಿಲಿಂಡರು ಕಂಡರೆ ಅದರ ಮೂತಿ ಗಮನಿಸಿ. ಅಗಲವಾದ ಕಪ್ಪು ಕೊಂಬು ಇದ್ದರೆ ಅದು ಕಾರ್ಬನ್ ಡೈಆಕ್ಸೈಡ್, ಕಂಪ್ಯೂಟರು, ಕರೆಂಟಿನ ಸಾಮಾನಿಗೆ. ಸಣ್ಣ ಗಡಿಯಾರದಂಥ ಮೀಟರು ಇದ್ದರೆ ಸಾಮಾನ್ಯವಾಗಿ ಪುಡಿಯದು. ಅದರ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಪಕ್ಕದ ಚೀಟಿಯಲ್ಲಿ ಮುಂದಿನ ತಪಾಸಣೆಯ ದಿನಾಂಕ ಇರುತ್ತದೆ. ಅವಧಿ ಮುಗಿದದ್ದನ್ನು ಕಂಡುಹಿಡಿದ ಮಗುವಿಗೆ ಒಂದು ಐಸ್‌ಕ್ರೀಮ್ ಕೊಡಿಸಿ. ನಿಮ್ಮ ಜೇಬಿಗೆ ಜಾಸ್ತಿ ಖರ್ಚಾದರೆ ನನ್ನನ್ನು ಬೈಯಬೇಡಿ.

ಠಾಣೆಯೊಳಗೆ: ಮೊದಲು ನೀರಿನ ಗಾಡಿ

ಒಳಗೆ ಹೋದ ಕೂಡಲೇ ಮಕ್ಕಳು ಡ್ರೈವರ್ ಸೀಟಿಗೆ ಓಡುತ್ತಾರೆ. ಹತ್ತು ನಿಮಿಷ ಬಿಟ್ಟುಬಿಡಿ. ಸೈರನ್ ಒಮ್ಮೆ ಹಾಕಲು ಕೇಳಿ. ಆದರೆ ಸಣ್ಣ ಮಕ್ಕಳಿಗೆ ಮೊದಲೇ ಹೇಳಿ ಕಿವಿ ಮುಚ್ಚಿಸಿ. ಷೆಡ್ಡಿನೊಳಗೆ ಆ ಸದ್ದು ವಿಪರೀತ.

ಆಮೇಲೆ ಗಾಡಿಯ ಪಕ್ಕಕ್ಕೂ ಹಿಂದಕ್ಕೂ ಬನ್ನಿ. ನಿಜವಾದ ಮ್ಯೂಸಿಯಂ ಅಲ್ಲಿದೆ. ಪಕ್ಕದ ಷಟರು ಎತ್ತಿದರೆ ಎಲ್ಲಾ ಸಾಮಾನು ಅದರದರ ಜಾಗದಲ್ಲಿ ಇರುತ್ತದೆ. ಕತ್ತಲಲ್ಲೂ ಕೈ ಹಾಕಿದರೆ ಸಿಗಬೇಕು, ಅದಕ್ಕೇ ಜಾಗ ಬದಲಾಗುವಂತಿಲ್ಲ. ಶಾಲೆ ಚೀಲ ಜೋಡಿಸುವ ಬಗ್ಗೆ ಭಾಷಣ ಮಾಡಲು ಅಮ್ಮಂದಿರಿಗೆ ಇದು ಒಳ್ಳೆಯ ಸಮಯ. ಆದರೂ ತಡೆದುಕೊಳ್ಳಿ.

ಮೊದಲ ಪ್ರಶ್ನೆ: ಇದರಲ್ಲಿ ಎಷ್ಟು ನೀರು ಹಿಡಿಯುತ್ತದೆ? ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ವಾಟರ್ ಟೆಂಡರ್‌ನಲ್ಲಿ ಸುಮಾರು 4,500 ಲೀಟರ್. ನಿಮ್ಮ ಠಾಣೆಯ ಗಾಡಿಯದು ಎಷ್ಟು ಅಂತ ಮಕ್ಕಳೇ ಕೇಳಿ ಬರೆದುಕೊಳ್ಳಲಿ. ಮನೆ ಮೇಲಿನ 500 ಲೀಟರ್ ಟ್ಯಾಂಕು ಗೊತ್ತಲ್ಲ, ಅಂಥವು ಒಂಬತ್ತು. ಜಾಸ್ತಿ ಅನ್ನಿಸುತ್ತದೆ. ಈಗ ಎರಡನೇ ಪ್ರಶ್ನೆ: ಒಂದು ಪೈಪಿನಿಂದ ನಿಮಿಷಕ್ಕೆ 450 ಲೀಟರ್ ಹೋದರೆ ಎಷ್ಟು ಹೊತ್ತು ಬರುತ್ತದೆ? ಹತ್ತು ನಿಮಿಷ. ಎರಡು ಪೈಪ್ ಬಿಟ್ಟರೆ ಐದೇ ನಿಮಿಷ. ಲೆಕ್ಕ ಆದ ಮೇಲೆ ಮಕ್ಕಳ ಮುಖ ನೋಡಿ. ಇಷ್ಟೇನಾ? ಮುಂದೇನು?

ಈ ‘ಮುಂದೇನು’ ಎಂಬುದೇ ನಮ್ಮ ಭಾಗದ ಅಗ್ನಿಶಾಮಕರ ದೊಡ್ಡ ತಲೆನೋವು. ಗಾಡಿಯ ಪಕ್ಕದಲ್ಲಿ ದಪ್ಪನೆಯ, ಬಾಗದ, ಕಪ್ಪು ಪೈಪ್ ಕಟ್ಟಿರುತ್ತಾರೆ. ಅದು ಸಕ್ಷನ್ ಹೋಸ್. ಕೆರೆಗೋ ಬಾವಿಗೋ ಇಳಿಬಿಟ್ಟು ನೀರು ಎಳೆಯಲು. ಬೇರೆ ಪೈಪುಗಳೆಲ್ಲ ಬಟ್ಟೆಯ ಹಾಗೆ ಮಡಚಿಕೊಂಡರೆ ಇದೊಂದು ಯಾಕೆ ಗಟ್ಟಿ? ಒಳಗಿನ ಗಾಳಿ ಎಳೆದಾಗ ಮೆತ್ತನೆಯ ಪೈಪಾದರೆ ಚಪ್ಪಟೆಯಾಗಿಬಿಡುತ್ತದೆ. ಜ್ಯೂಸ್ ಕುಡಿಯುವಾಗ ಮೆತ್ತಗಾದ ಸ್ಟ್ರಾ ಅಂಟಿಕೊಳ್ಳುತ್ತದಲ್ಲ, ಹಾಗೆ. ಪೈಪಿನ ತುದಿಗೆ ಜಾಲರಿ ಇರುತ್ತದೆ, ಕೆಸರು, ಎಲೆ, ಕಲ್ಲು ಒಳಗೆ ಹೋಗದಿರಲಿ ಅಂತ.

ಎಷ್ಟು ಆಳದಿಂದ ಎಳೆಯಬಹುದು ಅಂತ ಕೇಳಿಸಿ. ಪಂಪು ಎಷ್ಟೇ ಜೋರಾಗಿದ್ದರೂ ಏಳೆಂಟು ಮೀಟರಿಗಿಂತ ಆಳದ ನೀರು ಮೇಲೆ ಬರುವುದು ಕಷ್ಟ. ಯಾಕಂದ್ರೆ ನಿಜಕ್ಕೂ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಅದರ ಶಕ್ತಿ ಸುಮಾರು ಹತ್ತು ಮೀಟರಿಗೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಹಳ್ಳಿಗಳ ಬಾವಿಯ ನೀರು ಎಲ್ಲಿರುತ್ತದೆ? ಹಳ್ಳಿಯಿಂದ ಬಂದ ಮಗುವಿದ್ದರೆ ಅವನೇ ಹೇಳುತ್ತಾನೆ. ತೊಗರಿ ಬಣವಿಗೆ ಬೆಂಕಿ ಬಿದ್ದಾಗ ಗಾಡಿ ಬಂದರೂ ಯಾಕೆ ಎಲ್ಲವೂ ಉಳಿಯುವುದಿಲ್ಲ ಅನ್ನುವುದು ಆಗ ತಾನಾಗಿ ತಿಳಿಯುತ್ತದೆ. ಗಾಡಿ ತಡ ಮಾಡ್ತು ಅಂತ ಬೈಯುವ ದೊಡ್ಡವರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಬೆಂಕಿಯ ಕಡೆಗೆ ನೀರು ಒಯ್ಯುವುದು ಡೆಲಿವರಿ ಹೋಸ್. 63 ಮಿಲಿಮೀಟರ್ ದಪ್ಪ, ಉರುಳೆ ಸುತ್ತಿ ಇಟ್ಟಿರುತ್ತಾರೆ. ಒಂದು ಉರುಳೆಯನ್ನು ಬಿಚ್ಚಿ ಎಸೆಯಲು ಕೇಳಿ. ಒಂದೇ ಏಟಿಗೆ ನೆಲದ ಮೇಲೆ ನೇರವಾಗಿ ಓಡುತ್ತದೆ, ಮಕ್ಕಳು ಕೂಗಿಕೊಳ್ಳುತ್ತಾರೆ. ಎರಡು ಪೈಪುಗಳನ್ನು ಜೋಡಿಸುವ ಕಪ್ಲಿಂಗ್‌ಗೆ ತಿರುಗಿಸುವ ತಿರುಪು ಇಲ್ಲ. ಒಳಗೆ ತಳ್ಳಿದರೆ ಟಕ್ ಅಂತ ಕೂರುತ್ತದೆ. ಮಕ್ಕಳ ಕೈಯಿಂದಲೇ ಒಮ್ಮೆ ಜೋಡಿಸಿಸಿ. ಮತ್ತೆ ಉರುಳೆ ಸುತ್ತುವುದನ್ನೂ ಅವರಿಗೇ ಬಿಡಿ. ‘ಭಾಳ ವಜ್ಜಿ ಅದ್ರಿ ಅಂಕಲ್’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಆಗ ‘ಇದರೊಳಗೆ ನೀರು ತುಂಬಿದರೆ?’ ಅಂತ ಕೇಳಿ.

ನೀರು ಬಿಡುವ ಪ್ರದರ್ಶನ ಇದ್ದರೆ ತುದಿಯ ಬ್ರಾಂಚನ್ನು, ಅಂದ್ರೆ ನೀರು ಚಿಮ್ಮುವ ಮೂತಿಯನ್ನು, ಸಿಬ್ಬಂದಿ ಹೇಗೆ ಹಿಡಿಯುತ್ತಾರೆ ಅನ್ನುವುದನ್ನು ತೋರಿಸಿ. ಒಬ್ಬರು ಮುಂದೆ, ಇನ್ನೊಬ್ಬರು ಹಿಂದೆ ಆನಿಕೊಂಡು ನಿಂತಿರುತ್ತಾರೆ. ನೀರು ಮುಂದಕ್ಕೆ ಹೋದಷ್ಟೇ ಜೋರಾಗಿ ಪೈಪ್ ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್‌ನ ಮೂರನೇ ನಿಯಮವನ್ನು ಬಾಯಿಪಾಠ ಮಾಡಿದ ಒಂಬತ್ತನೇ ತರಗತಿಯವರಿಗೆ ಬೇರೆ ವಿವರಣೆ ಬೇಡ. ಸಣ್ಣವರು ಹಿಡಿಯುವುದಾದರೆ ಒತ್ತಡ ತೀರ ಕಮ್ಮಿ ಇರಲಿ, ಸಿಬ್ಬಂದಿಯ ಕೈ ಮೇಲಿರಲಿ. ನೀರು ಸುಮ್ನೆ ಪೋಲು ಮಾಡಲು ಒತ್ತಾಯಿಸಬೇಡಿ. ಬೇಸಿಗೆಯಲ್ಲಿ ಅವರು ಇಲ್ಲ ಅಂದರೆ ಅದೂ ಒಂದು ಪಾಠವೇ.

ಮುಖವಾಡದ ಮಾಮಾ: ಇದನ್ನು ಬಿಡಬೇಡಿ

ಇಡೀ ಭೇಟಿಯಲ್ಲಿ ಒಂದನ್ನೇ ತೋರಿಸಲು ಸಮಯ ಇದೆ ಅಂದರೆ ನಾನು ಇದನ್ನು ಆರಿಸುತ್ತೇನೆ. ಹೊಗೆಯೊಳಗೆ ಹೋಗುವಾಗ ಸಿಬ್ಬಂದಿ ಬೆನ್ನಿಗೆ ಸಿಲಿಂಡರು, ಮುಖಕ್ಕೆ ಮಾಸ್ಕ್ ಹಾಕುತ್ತಾರೆ. ಅದಕ್ಕೆ ಬಿಎ (ಬ್ರೀದಿಂಗ್ ಅಪರೇಟಸ್) ಸೆಟ್ ಅನ್ನುತ್ತಾರೆ. ಹಾಕಿಕೊಂಡ ಮೇಲೆ ಮುಖ ಕಾಣುವುದಿಲ್ಲ, ಉಸಿರಿನ ಸದ್ದು ಭುಸ್ ಭುಸ್ ಅಂತ ಬರುತ್ತದೆ, ಮಾತು ಗೊಗ್ಗರಾಗುತ್ತದೆ. ಮಕ್ಕಳಿಗೆ ಅದು ರಾಕ್ಷಸನೇ. ಬೆಂಕಿ ಬಿದ್ದಾಗ ಸಣ್ಣ ಮಕ್ಕಳು ಹೊರಗೆ ಓಡುವ ಬದಲು ಮಂಚದ ಕೆಳಗೋ ಅಲಮಾರಿಯ ಹಿಂದೆಯೋ ಅಡಗುವುದುಂಟು. ಹುಡುಕಿಕೊಂಡು ಬಂದವರನ್ನು ಕಂಡು ಇನ್ನೂ ಒಳಗೆ ಸರಿಯುವುದೂ ಉಂಟು. ಜೀವ ಹೋಗುವುದು ಅಲ್ಲಿಯೇ.

ಅದಕ್ಕೆ ಸಿಬ್ಬಂದಿಯನ್ನು ಹೀಗೆ ಕೇಳಿಕೊಳ್ಳಿ: ಮಕ್ಕಳ ಎದುರೇ ಒಂದೊಂದಾಗಿ ಹಾಕಿಕೊಳ್ಳಿ. ಮೊದಲು ಬರಿ ಮುಖ, ಹೆಸರು ಹೇಳಿ ಮಾತಾಡಲಿ. ಆಮೇಲೆ ಕೋಟು, ಸಿಲಿಂಡರು, ಮಾಸ್ಕು, ಹೆಲ್ಮೆಟ್ಟು. ಮಾಸ್ಕ್ ಹಾಕಿಕೊಂಡೇ ಮಂಡಿಯೂರಿ ‘ಬಾ’ ಅಂತ ಕೈ ಚಾಚಲಿ. ಧೈರ್ಯ ಇದ್ದವರು ಹೋಗಿ ಕೈ ಕೊಡುತ್ತಾರೆ. ಅಳುವವರನ್ನು ಎಳೆಯಬೇಡಿ, ದೂರದಿಂದ ನೋಡಿದರೂ ಆಯಿತು. ಕೊನೆಗೆ ಮಾಸ್ಕ್ ತೆಗೆದಾಗ ಒಳಗಿರುವುದು ಅದೇ ಮಾಮಾ ಅಂತ ಎಲ್ಲರಿಗೂ ಕಾಣಬೇಕು.

ಆ ಸಿಲಿಂಡರಿನಲ್ಲಿ ಏನಿದೆ ಅಂತ ಕೇಳಿ ನೋಡಿ. ಎಲ್ಲರೂ ಆಕ್ಸಿಜನ್ ಅನ್ನುತ್ತಾರೆ, ದೊಡ್ಡವರೂ ಸೇರಿ. ಅಲ್ಲ. ನಾವು ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಬೆಂಕಿಯ ಹತ್ತಿರ ಶುದ್ಧ ಆಮ್ಲಜನಕ ಒಯ್ದರೆ ಅದಕ್ಕೆ ಊಟ ಬಡಿಸಿದ ಹಾಗೆಯೇ. ಗಾಳಿ ಮುಗಿಯುತ್ತಾ ಬಂದಾಗ ಒಂದು ಸೀಟಿ ತಾನಾಗಿಯೇ ಊದಲು ಶುರುವಾಗುತ್ತದೆ. ಆ ಸೀಟಿಯನ್ನು ಕೇಳಿಸಲು ಸಾಧ್ಯವಾ ಅಂತ ವಿಚಾರಿಸಿ.

ಉಳಿದ ಸಾಮಾನುಗಳನ್ನು ಬೇಗ ನೋಡಿದರೂ ನಡೆಯುತ್ತದೆ. ಏಣಿ, ಹಗ್ಗ, ಕೊಡಲಿ. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರಿನ ತಗಡು ಕತ್ತರಿಸುವ ಹೈಡ್ರಾಲಿಕ್ ಕಟರ್. ಬೋಟು, ಲೈಫ್ ಜಾಕೆಟ್ ಇದ್ದರೆ ಅದನ್ನೂ ಕೇಳಿ. ಬೆಂಕಿಯವರಿಗೆ ಬೋಟು ಯಾಕೆ ಅಂತ ಮಕ್ಕಳಿಗೆ ಆಶ್ಚರ್ಯ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹರಿದದ್ದನ್ನು ಅಫಜಲಪುರ, ಜೇವರ್ಗಿ ಕಡೆಯವರು ಇನ್ನೂ ಮರೆತಿಲ್ಲ. ಇಲಾಖೆಯ ಹೆಸರಿನಲ್ಲೇ ‘ತುರ್ತು ಸೇವೆಗಳು’ ಅಂತ ಇದೆ. ಬಾವಿಗೆ ಬಿದ್ದ ಎಮ್ಮೆ ಎತ್ತುವುದಕ್ಕೂ ಇವರನ್ನೇ ಕರೆಯುತ್ತಾರೆ. ಎಮ್ಮೆಯ ಕತೆ ಇದ್ದರೆ ಹೇಳಿಸಿ, ಮಕ್ಕಳು ಮನೆಗೆ ಹೋಗಿ ಹೇಳುವುದು ಅದನ್ನೇ.

ಮಧ್ಯೆ ಕರೆ ಬಂದರೆ

ನೀವು ಅಲ್ಲಿರುವಾಗಲೇ ಗಂಟೆ ಬಾರಿಸಬಹುದು. ಇದನ್ನು ಹೊರಡುವ ಮುಂಚೆಯೇ ಮಕ್ಕಳ ಜೊತೆ ಅಭ್ಯಾಸ ಮಾಡಿ: ಗಂಟೆ ಕೇಳಿದ ಕೂಡಲೇ ಎಲ್ಲರೂ ಗೋಡೆಗೆ ಬೆನ್ನು ಹಚ್ಚಿ, ಪಕ್ಕದವರ ಕೈ ಹಿಡಿದು ನಿಲ್ಲಬೇಕು. ಯಾವ ಗೋಡೆ ಅಂತ ಠಾಣೆಗೆ ಹೋದ ತಕ್ಷಣ ಸಿಬ್ಬಂದಿಯನ್ನು ಕೇಳಿ ಗೊತ್ತು ಮಾಡಿಕೊಳ್ಳಿ. ಮಾತಾಡುತ್ತಿದ್ದವರು ಅರ್ಧಕ್ಕೇ ಬಿಟ್ಟು ಓಡುತ್ತಾರೆ. ನೋಡುನೋಡುತ್ತಿದ್ದಂತೆ ಗಾಡಿ ಗೇಟು ದಾಟುತ್ತದೆ. ವಿಡಿಯೊ ಮಾಡಲು ಮುಂದೆ ನುಗ್ಗಬೇಡಿ. ಬೈಕ್ ಹತ್ತಿ ಗಾಡಿಯ ಹಿಂದೆ ಹೋಗುವ ಉತ್ಸಾಹಿ ಅಪ್ಪಂದಿರಿಗೂ ಈ ಮಾತು ಅನ್ವಯಿಸುತ್ತದೆ. ಭೇಟಿ ಅಲ್ಲಿಗೆ ಮುಗಿದರೂ ಬೇಸರ ಬೇಡ. ಯಾವ ಪ್ರದರ್ಶನಕ್ಕಿಂತಲೂ ಹೆಚ್ಚಿನದನ್ನು ಮಕ್ಕಳು ನೋಡಿರುತ್ತಾರೆ.

ಉರಿಯುವ ಸಿಲಿಂಡರ್ ಪ್ರದರ್ಶನ

ಸಪ್ತಾಹದಲ್ಲಿ ಎಲ್ಲರೂ ಕಾಯುವುದು ಇದಕ್ಕೆ. ಗ್ಯಾಸ್ ಸಿಲಿಂಡರಿಗೆ ಬೆಂಕಿ ಹಚ್ಚಿ, ಒದ್ದೆ ಗೋಣಿಚೀಲ ಹೊದಿಸಿ ಆರಿಸಿ ತೋರಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಆದರೆ ಎಂಟು ವರ್ಷದ ಹುಡುಗ ಇದರಿಂದ ಕಲಿಯುವುದು ‘ನಾನೂ ಮಾಡಬಹುದು’ ಅನ್ನುವುದನ್ನು. ಆದ್ದರಿಂದ ಪ್ರದರ್ಶನ ಮುಗಿದ ಕೂಡಲೇ ನೀವು ಹೇಳಬೇಕು: ಇದು ತರಬೇತಿ ಆದ ದೊಡ್ಡವರ ಕೆಲಸ. ನಿನ್ನ ಕೆಲಸ ಹೊರಗೆ ಓಡುವುದು, ದೊಡ್ಡವರನ್ನು ಕೂಗುವುದು, 112ಕ್ಕೆ ಫೋನ್ ಮಾಡುವುದು.

ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕು ಅನ್ನುವುದನ್ನು ದೊಡ್ಡವರೂ ಅಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಸ್ವಿಚ್ ಹಾಕಬಾರದು, ತೆಗೆಯಲೂಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬರಬೇಕು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟಕ್ಕೇ ಹರಡಿಕೊಂಡಿರುತ್ತದೆ. ಸೋರಿಕೆ ದೂರಿಗೆ 1906 ನಂಬರ್ ಇದೆ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಕೆಳಗೆ ಇಳಿದು ಒಮ್ಮೆಲೇ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ ಮುಚ್ಚಳ ಮುಚ್ಚಿದರೆ ಸಾಕು.

ಸಣ್ಣವರಿಗೆ ಮಾಡಿ ತೋರಿಸಬೇಕಾದದ್ದು ಎರಡು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು: ನಿಲ್ಲು, ಮಲಗು, ಉರುಳು. ಹೊಗೆ ತುಂಬಿದ್ದರೆ ನೆಲಕ್ಕೆ ಬಗ್ಗಿ ತೆವಳು, ಒಳ್ಳೆಯ ಗಾಳಿ ಕೆಳಗಿರುತ್ತದೆ. ಅಂಗಳದಲ್ಲೇ ಉರುಳಿಸಿ. ಬಟ್ಟೆ ಮಣ್ಣಾಗಲಿ ಬಿಡಿ.

ಬೀದರ್, ಯಾದಗಿರಿಯವರಿಗೆ

ಬೀದರ್‌ನವರು ಠಾಣೆಯ ಭೇಟಿಯನ್ನು ಮಹಮೂದ್ ಗವಾನ್ ಮದರಸಾದ ಜೊತೆ ಸೇರಿಸಿಕೊಳ್ಳಿ. 1472ರಲ್ಲಿ ಕಟ್ಟಿ ಮುಗಿಸಿದ ಈ ಕಟ್ಟಡಕ್ಕೆ ಈಗ ಮುಂಭಾಗದಲ್ಲಿ ಒಂದೇ ಮಿನಾರು. ಇನ್ನೊಂದು ಎಲ್ಲಿ ಹೋಯಿತು? 17ನೇ ಶತಮಾನದ ಕೊನೆಗೆ, ಔರಂಗಜೇಬನ ಕಾಲದಲ್ಲಿ, ಒಳಗೆ ಇಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಬಿತ್ತು. ಮುಂಭಾಗದ ಸುಮಾರು ಅರ್ಧ ಅದರ ಜೊತೆಗೇ ಹೋಯಿತು. ಮುಂಬೈ ಹಡಗಿನ ಕತೆ ಕೇಳಿದ ಮಕ್ಕಳು ಈ ಎರಡನ್ನೂ ತಾವೇ ಜೋಡಿಸಿಕೊಳ್ಳುತ್ತಾರೆ. ಯಾದಗಿರಿಯವರು ಠಾಣೆಯಲ್ಲಿ ಹತ್ತಿಯ ಬಗ್ಗೆಯೇ ಕೇಳಲಿ. ಅಲ್ಲಿನ ಸಿಬ್ಬಂದಿಗೆ ಆ ವಿಷಯ ಯಾರೂ ಹೇಳಿಕೊಡಬೇಕಿಲ್ಲ.

ಕಲಬುರಗಿಯವರಿಗೆ ಅದೇ ದಿನ ಇನ್ನೂ ಉತ್ಸಾಹ ಉಳಿದಿದ್ದರೆ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, 1984ರಿಂದ ನಡೆಯುತ್ತಿದೆ. ಗಾಳಿಯ ಒತ್ತಡ, ಸನ್ನೆ, ರಾಟೆ ಎಲ್ಲವನ್ನೂ ಠಾಣೆಯಲ್ಲಿ ನೋಡಿದ ಕಣ್ಣಿನಿಂದಲೇ ನೋಡಬಹುದು. ಐದು ವರ್ಷದೊಳಗಿನವರನ್ನು ಮಾತ್ರ ಎರಡೂ ಕಡೆ ಒಂದೇ ದಿನ ತಿರುಗಿಸಬೇಡಿ. ಅವರಿಗೆ ಠಾಣೆಯಲ್ಲೂ ಅರ್ಧ ಗಂಟೆ ಸಾಕು.

ಮನೆಗೆ ಬಂದ ಮೇಲೆ

ಅದೇ ಸಂಜೆ ಒಂದು ಫೋನ್ ಆಟ ಆಡಿ. ನೀವು 112ರ ಕಡೆಯವರು, ಮಗು ಕರೆ ಮಾಡುತ್ತದೆ. ಎಲ್ಲಿ? ಏನು ಉರಿಯುತ್ತಿದೆ? ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ? ಯಾವ ನಂಬರಿನಿಂದ ಮಾತಾಡುತ್ತಿದ್ದೀ? ಬಹಳ ಮಕ್ಕಳು ಮೊದಲ ಪ್ರಶ್ನೆಗೇ ನಿಲ್ಲುತ್ತಾರೆ. ‘ನಮ್ಮನಿ’ ಅನ್ನುತ್ತಾರೆ. ‘ಸೇಡಂ ರಸ್ತೆ’ ಅಂದರೂ ಸಾಲುವುದಿಲ್ಲ, ಅದು ಎಷ್ಟು ಉದ್ದ ಇದೆ! ಬಡಾವಣೆಯ ಹೆಸರು, ಹತ್ತಿರದ ಗುಡಿ ಅಥವಾ ಶಾಲೆ, ಗಾಡಿ ಬರುವಷ್ಟು ಅಗಲದ ರಸ್ತೆ ಯಾವ ಕಡೆ ಇದೆ ಅನ್ನುವುದು ಬಾಯಿಗೆ ಬರಬೇಕು. ಆ ಕಡೆಯವರು ಇಡುವ ತನಕ ಫೋನ್ ಇಡಬಾರದು.

ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು, ಅರಿಶಿಣ, ಇಂಕು ಹಚ್ಚುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಬಿಟ್ಟು, ಆಮೇಲೆ ಡಾಕ್ಟರ ಹತ್ತಿರ ಹೋಗಬೇಕು ಅಂತ ಅಜ್ಜಿಗೆ ಹೇಳುವ ಕೆಲಸವನ್ನು ಮಕ್ಕಳಿಗೇ ವಹಿಸಿ. ನಾವು ಹೇಳಿದರೆ ಅಜ್ಜಿ ಕೇಳಲ್ಲ. ಮೊಮ್ಮಗಳು ಹೇಳಿದರೆ ಕೇಳುತ್ತಾರೆ.

ವಾರದೊಳಗೆ ಠಾಣೆಗೆ ಒಂದು ಪತ್ರ ಹೋಗಲಿ, ಮಕ್ಕಳ ಕೈಬರಹದಲ್ಲೇ, ಚಿತ್ರ ಸಮೇತ. ಅಲ್ಲಿ ಕೇಳಲು ಮರೆತ ಒಂದು ಪ್ರಶ್ನೆಯನ್ನೂ ಅದರಲ್ಲಿ ಬರೆಸಿ. ಶಾಲೆಯ ಗುಂಪಾಗಿದ್ದರೆ ಶಾಲೆಯ ವರಾಂಡದಲ್ಲಿರುವ ಕೆಂಪು ಸಿಲಿಂಡರುಗಳ ದಿನಾಂಕ ಓದಿ ಬರುವ ಕೆಲಸವನ್ನು ಇಬ್ಬರು ಮಕ್ಕಳಿಗೆ ಕೊಡಿ, ತಿಂಗಳಿಗೊಮ್ಮೆ ಜೋಡಿ ಬದಲಾಗಲಿ. ಅವರು ತಂದ ಚೀಟಿಯನ್ನು ಮುಖ್ಯ ಗುರುಗಳ ಮೇಜಿನ ಮೇಲೆ ಇಡುವುದು ನಿಮ್ಮ ಕೆಲಸ.